ಪರಿಚಯಿಸಿದವರ ಸಹಿ

ಮುಂಬಯಿಗೆ ಹೊಸದಾಗಿ ಬಂದ ನಮ್ಮ ಕಡೆಯ ಹುಡುಗನಿಗೆ ಎದುರಾಗುವ ಮೊದಲ ಪ್ರಶ್ನೆ, "ಇಲ್ಲಿ ನಿನ್ನವರು ಯಾರಿದ್ದಾರೆ?" ಕಲಿತದ್ದೆಷ್ಟು, ಬರುವ ಕೆಲಸ ಯಾವುದು ಎಂಬುದೆಲ್ಲ ಆಮೇಲೆ. ಮಾವನೋ, ಭಾವನೋ, ಕಡೆಗೆ ಊರಿನ ದೇವಸ್ಥಾನದ ಭಟ್ಟರ ತಮ್ಮನೋ ಒಬ್ಬ ಇದ್ದರೆ ಸಾಕು, ಒಂದು ಚಾಪೆ ಹಾಸುವಷ್ಟು ಜಾಗ ಸಿಗುತ್ತದೆ. ಉಡುಪಿ ಹೋಟೆಲುಗಳೂ, ಕೋಟೆ ಪ್ರದೇಶದ ಕನ್ನಡ ರಾತ್ರಿ ಶಾಲೆಗಳೂ ಬೆಳೆದದ್ದು ಹೀಗೆಯೇ. ಒಬ್ಬನ ಬೆನ್ನು ಹಿಡಿದು ಇನ್ನೊಬ್ಬ ಬಂದ. ನಾನೂ ಹಾಗೆಯೇ ಬಂದವನು. 1981ರ ಜೂನಿನಲ್ಲಿ ಬಿ.ಕಾಂ. ಮುಗಿಸಿ ಬಸ್ಸು ಇಳಿದಾಗ ಸೋದರಮಾವ ಬಂದು ನಿಂತಿದ್ದರು. ಅಂಧೇರಿ ಪೂರ್ವದಲ್ಲಿ ಅವರದೊಂದು ಸಣ್ಣ ಹೋಟೆಲು. ಬೆಳಿಗ್ಗೆ ಎಂ.ಕಾಂ. ತರಗತಿ, ಮಧ್ಯಾಹ್ನ ಹೋಟೆಲಿನ ಲೆಕ್ಕ ಬರೆಯುವುದು, ರಾತ್ರಿ ಚಾಳಿನ ಖೋಲಿಯಲ್ಲಿ ಐದು ಜನರ ನಡುವೆ ನಿದ್ದೆ. ಇದು ನನ್ನ ವಿದ್ಯಾರ್ಥಿ ಜೀವನ.

ನಾನು ಬಂದ ತಿಂಗಳೊಳಗೆ ಊರಲ್ಲೊಂದು ಗದ್ದಲ ಎದ್ದಿತು. ಫುಟ್‌ಪಾತಿನಲ್ಲಿ ವಾಸಿಸುವವರನ್ನೆಲ್ಲ ಬಲವಂತವಾಗಿ ಎಬ್ಬಿಸಿ ಅವರವರ ಊರಿಗೆ ಕಳಿಸುತ್ತೇವೆ ಎಂದು ಆಗಿನ ಮುಖ್ಯಮಂತ್ರಿ ಅಂತುಲೆಯವರು ಜುಲೈ 13ರಂದು ಘೋಷಿಸಿದರು. ಜಡಿಮಳೆಯ ದಿನಗಳು. ಜುಲೈ 23ರಂದು ಗುಡಿಸಲುಗಳು ಉರುಳಿದವು. ಸೇಲಂನಿಂದ ಬಂದಿದ್ದ ಒಬ್ಬ ಕೂಲಿಕಾರನನ್ನು ಹೆಂಡತಿ ಮಕ್ಕಳ ಸಮೇತ ಸರ್ಕಾರಿ ಬಸ್ಸಿಗೆ ಹತ್ತಿಸಿ ಸೇಲಂಗೆ ಸಾಗಿಸಿದ್ದು, ಆತ ಹೆಂಡತಿ ಮಕ್ಕಳನ್ನು ಅಲ್ಲೇ ಬಿಟ್ಟು ಕೆಲಸ ಹುಡುಕಿಕೊಂಡು ಮತ್ತೆ ಮುಂಬಯಿಯ ಫುಟ್‌ಪಾತಿಗೇ ಮರಳಿದ್ದು, ಮುಂದೆ ಸುಪ್ರೀಂ ಕೋರ್ಟಿನ ತೀರ್ಪಿನಲ್ಲೇ ದಾಖಲಾಗಿದೆ. ಹೈಕೋರ್ಟಿಗೆ ಹೋದವರಿಗೆ ಅಕ್ಟೋಬರ್ ಮಧ್ಯದವರೆಗೆ ಉಸಿರಾಡಲು ಸಮಯ ಸಿಕ್ಕಿತು.

ಆ ದಿನಗಳಲ್ಲೇ ನಮ್ಮ ಕಾಲೇಜಿನ ನೋಟೀಸ್ ಬೋರ್ಡಿನಲ್ಲಿ ಒಂದು ಚೀಟಿ ಹಚ್ಚಿದ್ದರು. ಹೆದ್ದಾರಿಯ ಬದಿಯ ಬಸ್ತಿಗಳಲ್ಲಿ ಕೆಲಸ ಮಾಡುವ ಒಂದು ಸೇವಾಸಂಸ್ಥೆಗೆ ವಿದ್ಯಾರ್ಥಿಗಳು ಬೇಕು, ಕುಟುಂಬಗಳ ಪಟ್ಟಿ ಮಾಡಬೇಕು, ಪಗಾರ ಇಲ್ಲ, ಚಹಾ ಉಂಟು. ಪ್ರಾಧ್ಯಾಪಕರು ನನ್ನನ್ನು ಕರೆದು, "ನಿನಗೆ ಕಾನಡಿ ಬರುತ್ತದಲ್ಲ? ಅಲ್ಲಿ ಗುಲ್ಬರ್ಗಾ ಕಡೆಯವರು ತುಂಬ ಇದ್ದಾರಂತೆ, ಹೋಗು" ಅಂದರು. ಸಮಾಜಸೇವೆಯ ದೊಡ್ಡ ಆದರ್ಶವೇನೂ ನನ್ನ ತಲೆಯಲ್ಲಿರಲಿಲ್ಲ. ಖೋಲಿಯಲ್ಲಿ ಭಾನುವಾರ ಕಳೆಯುವುದು ಕಷ್ಟವಾಗಿತ್ತು, ಅಷ್ಟೆ.

ಈಗಿನ ಮಕ್ಕಳು ಸ್ವಯಂಸೇವೆಗೆ ಹೋಗುವಾಗ ಮೊದಲು ಸರ್ಟಿಫಿಕೇಟಿನ ವಿಷಯ ಕೇಳಿಕೊಳ್ಳುತ್ತಾರೆ. ನಮ್ಮ ಕಟ್ಟಡದ ಹುಡುಗಿಯೊಬ್ಬಳು ವಿದೇಶದ ಅರ್ಜಿಗೆ ನೂರು ಗಂಟೆ ತೋರಿಸಬೇಕೆಂದು ಕೈಗಡಿಯಾರ ನೋಡಿ ನೋಡಿ ಸೇವೆ ಮಾಡಿ ಬಂದಳು. ನಗುವವರು ನಗಲಿ. ಚಹಾದ ಆಸೆಗೆ ಹೋದವನಿಗಿಂತ ಅವಳದು ಕಡಿಮೆಯ ಕಾರಣವೇನಲ್ಲ. ಹೋದ ಮೇಲೆ ಏನಾಗುತ್ತದೆ ಎಂಬುದು ಬೇರೆ ಮಾತು.

ಬಸ್ತಿ ಎಂದರೆ ಹೆದ್ದಾರಿಯ ಪಕ್ಕ ಗಟಾರದ ಮೇಲೆ ಬಿದಿರು, ಗೋಣಿ, ಪ್ಲಾಸ್ಟಿಕ್ ಹೊದಿಸಿದ ಎಪ್ಪತ್ತು ಎಂಬತ್ತು ಗುಡಿಸಲುಗಳು. ಅರ್ಧದಷ್ಟು ಮಂದಿ ಕಲಬುರಗಿ, ಬಿಜಾಪುರದ ಕಡೆಯವರು. ಹೆಚ್ಚಿನವರು ಎಪ್ಪತ್ತೆರಡರ ಬರಗಾಲದಲ್ಲಿ ಊರು ಬಿಟ್ಟವರು. ಬೆಳಿಗ್ಗೆ ನಾಕಾದಲ್ಲಿ ನಿಂತು, ಮುಕಾದಮ ಕರೆದರೆ ಕಟ್ಟಡದ ಕೆಲಸಕ್ಕೆ ಹೋಗುವುದು. ಗಂಡಸಿಗೆ ಹದಿನಾಲ್ಕು, ಹೆಂಗಸಿಗೆ ಹತ್ತು ರೂಪಾಯಿ. ಅಂಧೇರಿಯ ಎಷ್ಟೋ ಮಾಳಿಗೆಗಳಿಗೆ ಅವರು ತಲೆಯ ಮೇಲೆ ರೇತಿ ಹೊತ್ತಿದ್ದರು.

ಸಂಸ್ಥೆಯ ಮುಖ್ಯಸ್ಥೆ ಒಬ್ಬ ಮರಾಠಿ ಹೆಂಗಸು. ಎಲ್ಲರೂ ಅವರನ್ನು ತಾಯಿ ಎನ್ನುತ್ತಿದ್ದರು. ಮರಾಠಿಯಲ್ಲಿ ಅದು ಅಕ್ಕ. ನಮ್ಮ ಕಲಬುರಗಿಯ ಹೆಂಗಸರು ಅದನ್ನು ಕನ್ನಡದ ತಾಯಿ ಎಂದೇ ತಿಳಿದು, ಮೂವತ್ತು ವರ್ಷದ ಆಕೆಯ ಕಾಲಿಗೆ ಅರವತ್ತರ ಮುದುಕಿಯರೂ ನಮಸ್ಕಾರ ಮಾಡುತ್ತಿದ್ದರು. ಆಕೆಗೆ ಇದರ ಗುಟ್ಟು ತಿಳಿದದ್ದು ನಾನು ಹೋದ ಮೇಲೆ.

ಭಾಷೆ ಬರುತ್ತದೆಂದು ನನ್ನನ್ನು ಕಳಿಸಿದ್ದರಷ್ಟೇ? ಮನೆಯಲ್ಲಿ ತುಳು ಆಡಿ, ಕನ್ನಡವನ್ನು ಶಾಲೆಯಲ್ಲಿ ಕಲಿತವನು ನಾನು. ಮೊದಲ ಗುಡಿಸಲಿನ ಮುಂದೆ ನಿಂತು, "ತಮ್ಮ ಕುಟುಂಬದಲ್ಲಿ ಒಟ್ಟು ಎಷ್ಟು ಮಂದಿ ಇದ್ದೀರಿ?" ಎಂದೆ. ಒಳಗಿದ್ದಾಕೆ ಸೆರಗು ಬಾಯಿಗಿಟ್ಟು ನಕ್ಕಳು. "ಪುಸ್ತಕ ಓದಿದಂಗ ಮಾತಾಡ್ತೀರಲ್ರೀ ಸಾಹೇಬ್ರ! ಮಂದಿ ಅಂದ್ರ ಹೊರಗಿನವರು. ಮನ್ಯಾಗಿನವರು ಮಂದಿ ಹ್ಯಾಂಗ ಆಗ್ತಾರ್ರಿ?" ಅವಳ ಊರು ಅಫಜಲಪುರ ತಾಲ್ಲೂಕಿನದು. ಹೆಸರು ಬರೆಯುವುದು ಬೇಡ, ಅಫಜಲಪುರದಾಕೆ ಎಂದರೆ ಸಾಕು.

ಅರ್ಜಿಯಲ್ಲಿ ಗಂಡನ ಹೆಸರಿನ ಕಾಲಮ್ಮು ಇತ್ತು. ಯಾರೂ ಹೇಳುವುದಿಲ್ಲ. ಅಫಜಲಪುರದಾಕೆ ಒಗಟು ಹಾಕಿದಳು: "ಕಲಬುರ್ಗ್ಯಾಗ ಜಾತ್ರಿಗೆ ತೇರು ಎಳೀತಾರಲ್ರೀ, ಆ ಅಪ್ಪಂದ ಹೆಸರು." ಉಡುಪಿಯ ರಥಬೀದಿ ಬಿಟ್ಟು ಬೇರೆ ತೇರು ಕಾಣದ ನಾನು ಪೆನ್ನು ಹಿಡಿದು ನಿಂತೆ. ಸುತ್ತ ನೆರೆದವರಿಗೆ ನಗೆಯೋ ನಗೆ. ಕೊನೆಗೆ ಪಕ್ಕದ ಗುಡಿಸಲಿನ ಹುಡುಗ ಹೆಸರು ಕೂಗಿ ಹೇಳಿದ. ಅದರ ಕೆಳಗಿನ ಕಾಲಮ್ಮು, "ಮುಂಬಯಿಯಲ್ಲಿ ಎಷ್ಟು ಕಾಲದಿಂದ?" ಒಂಬತ್ತು ವರ್ಷ ಅಂದಳು. ಬರೆಯುತ್ತಿದ್ದಾಗ ಅವಳೇ ಕೇಳಿದಳು, "ನೀವು ಬಂದು ಎಷ್ಟ ದಿನ ಆತ್ರಿ?"

"ಎರಡು ತಿಂಗಳು."

"ಮತ್ತ ನಿಮ್ಮನ್ನ ಯಾವಾಗ ಹೊಳ್ಳಿ ಕಳಸ್ತಾರ್ರಿ?"

ಅವಳು ಕುಹಕದಿಂದ ಕೇಳಿದ್ದಲ್ಲ. ಊರಿನಿಂದ ಬಂದವರನ್ನೆಲ್ಲ ಬಸ್ಸಿಗೆ ಹತ್ತಿಸುತ್ತಾರೆಂದು ಕೇಳಿದ್ದಳು, ನಾನೂ ಊರಿನಿಂದ ಬಂದವನು, ಹಾಗಾಗಿ ಕೇಳಿದಳು. ನಾನು ಏನು ಹೇಳಿದೆನೋ ನೆನಪಿಲ್ಲ. ನನ್ನನ್ನು ಯಾರೂ ಕಳಿಸುವವರಿರಲಿಲ್ಲ. ಮಾವನ ಚಾಳಿಗೊಂದು ನಂಬರಿತ್ತು.

ಮಕ್ಕಳಿಗೆ ಕನ್ನಡ ಅಕ್ಷರ ಕಲಿಸುವುದೂ ನನ್ನ ಕೆಲಸದಲ್ಲಿ ಸೇರಿತ್ತು. ಅದು ಹೆಚ್ಚು ಮುಂದೆ ಹೋಗಲಿಲ್ಲ. ಮಹಾನಗರಪಾಲಿಕೆಯ ಕನ್ನಡ ಶಾಲೆ ದೂರ. ತಮ್ಮ ತಂಗಿಯರನ್ನು ಸೊಂಟದ ಮೇಲೆ ಹೊತ್ತೇ ಪಾಠಕ್ಕೆ ಕೂರುವ ಮಕ್ಕಳು ಮುಂದಿನ ಭಾನುವಾರ ಬೇರೆ ಕಟ್ಟಡದ ಬಳಿ ಇರುತ್ತಿದ್ದರು. ಮೂವರನ್ನು ಶಾಲೆಗೆ ಸೇರಿಸಿದೆವು, ಒಬ್ಬ ಉಳಿದ.

ನನ್ನ ಗಮನ ಸೆಳೆದದ್ದು ರೊಕ್ಕದ ವಿಷಯ. ವಾಣಿಜ್ಯ ಓದುವವನಿಗೆ ಅದು ಸಹಜ. ಗುಡಿಸಲಿಗೆ ಬಾಗಿಲಿಲ್ಲ, ಪೆಟ್ಟಿಗೆಗೆ ಬೀಗವಿಲ್ಲ. ಹೆಂಗಸರು ಮಿಕ್ಕ ದುಡ್ಡನ್ನು ಕಿರಾಣಿ ಸೇಠನ ಕೈಯಲ್ಲೋ ಮುಕಾದಮನ ಕೈಯಲ್ಲೋ ಇಡುತ್ತಿದ್ದರು. ಇಟ್ಟುಕೊಂಡವನು ಬಡ್ಡಿ ಕೊಡುವುದು ಹೋಗಲಿ, ನೂರಕ್ಕೆ ಐದು ತಾನೇ ಹಿಡಿದುಕೊಳ್ಳುತ್ತಿದ್ದ. ಇಟ್ಟವರೇ ಸಾಹುಕಾರನಿಗೆ ಬಡ್ಡಿ ಕೊಡುವ ಇಂಥ ವ್ಯಾಪಾರ ನಮ್ಮ ಎಂ.ಕಾಂ. ಪಠ್ಯದಲ್ಲಿ ಎಲ್ಲಿಯೂ ಇರಲಿಲ್ಲ. ಜುಲೈಯಲ್ಲಿ ಗದ್ದಲವಾದಾಗ ಆ ಸೇಠ ತಿಂಗಳುಗಟ್ಟಲೆ ಅಂಗಡಿಯನ್ನೇ ಮುಚ್ಚಿಟ್ಟಿದ್ದ.

ನಮ್ಮ ಜಿಲ್ಲೆಯವರಿಗೆ ಪಿಗ್ಮಿ ಗೊತ್ತು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಅದನ್ನು ಶುರುಮಾಡಿತು. ಏಜೆಂಟ್ ದಿನಾ ಮನೆಬಾಗಿಲಿಗೆ ಬಂದು ಎರಡಾಣೆಯಾದರೂ ತೆಗೆದುಕೊಂಡು ಚೀಟಿ ಬರೆದು ಹೋಗುವುದು. ನನ್ನ ಅಮ್ಮ ಮಲ್ಲಿಗೆ ಮಾರಿದ ದುಡ್ಡಿನಲ್ಲಿ ನಾಲ್ಕಾಣೆ ಪಿಗ್ಮಿಗೆ ತೆಗೆದಿಟ್ಟೇ ಉಳಿದದ್ದನ್ನು ಎಣಿಸುತ್ತಿದ್ದರು. ಈ ಮಾತನ್ನು ತಾಯಿಗೆ ಹೇಳಿದೆ. "ಹಾಗಾದರೆ ನೀನೇ ಏಜೆಂಟ್" ಅಂದರು.

ಅಕ್ಟೋಬರಿನಿಂದ ಸಂಜೆ ಏಳಕ್ಕೆ ಒಂದು ನೋಟುಪುಸ್ತಕ ಹಿಡಿದು ಬಸ್ತಿಗೆ ಹೋಗತೊಡಗಿದೆ. ಕೂಲಿ ಕೈಗೆ ಬಂದ ಮೇಲೆ, ದಾರೂ ಅಂಗಡಿಗೆ ಹೋಗುವ ಮೊದಲು ಹೋಗಬೇಕು, ಅದೇ ಅದರ ಮರ್ಮ. ಮೊದಲ ದಿನ ಇಬ್ಬರು, ಮೂರನೆಯ ವಾರಕ್ಕೆ ಹನ್ನೊಂದು ಜನ. ನಾಲ್ಕಾಣೆ, ಎಂಟಾಣೆ, ಅಪರೂಪಕ್ಕೆ ಒಂದು ರೂಪಾಯಿ. ಪ್ರತಿಯೊಬ್ಬಳಿಗೂ ಒಂದು ಕಾರ್ಡು, ದಿನಕ್ಕೊಂದು ಗೀಟು. ದುಡ್ಡು ಮಾವನ ಗಲ್ಲಾದ ಕೆಳಗೆ ಒಂದು ಬಿಸ್ಕತ್ ಡಬ್ಬಿಯಲ್ಲಿ. ಆದರೆ ಡಬ್ಬಿಯಲ್ಲಿ ಎಷ್ಟು ದಿನ ಇಡುವುದು? ಅವರವರ ಹೆಸರಿನಲ್ಲೇ ಬ್ಯಾಂಕ್ ಖಾತೆ ಆಗಬೇಕು ಎಂದು ತಾಯಿ ಹಟ ಹಿಡಿದರು.

ಹತ್ತಿರದ ಬ್ಯಾಂಕ್ ಶಾಖೆಗೆ ಹೋದೆವು. ಮ್ಯಾನೇಜರರು ಸೌಜನ್ಯದವರೇ. ಹೆಬ್ಬೆಟ್ಟಿನ ಖಾತೆಗೆ ಐದು ರೂಪಾಯಿ ಸಾಕು, ಫೋಟೋ ಬೇಕು, ವಿಳಾಸ ಬೇಕು, ಎಲ್ಲಕ್ಕಿಂತ ಮೊದಲು ಪರಿಚಯ ಬೇಕು, ಅಂದರೆ ಶಾಖೆಯ ಒಬ್ಬ ಹಳೆಯ ಖಾತೆದಾರ "ಈ ಅರ್ಜಿದಾರರನ್ನು ನಾನು ಇಷ್ಟು ಸಮಯದಿಂದ ಬಲ್ಲೆ" ಎಂದು ಬರೆದು ಸಹಿ ಹಾಕಬೇಕು ಎಂದರು. ಸಂಸ್ಥೆಯ ಸಹಿ ನಡೆಯುತ್ತದೆಯೇ ಎಂದರೆ, ಸಂಸ್ಥೆಯ ಖಾತೆ ಬೇರೆ ಕಡೆ ಇದೆಯಲ್ಲ ಎಂದರು.

ಪರಿಚಯ ಯಾಕೆ ಬೇಕು ಎಂಬುದು ನನಗೆ ಮುಂದೆ ಬ್ಯಾಂಕಿಗೆ ಸೇರಿದ ಮೇಲೆ ಸರಿಯಾಗಿ ತಿಳಿಯಿತು. ಯಾರೋ ಸುಳ್ಳು ಹೆಸರಿನಲ್ಲಿ ಖಾತೆ ತೆರೆದು ಕದ್ದ ಚೆಕ್ಕನ್ನು ಅದಕ್ಕೆ ಕಟ್ಟಿದರೆ, ಬ್ಯಾಂಕು ಎಚ್ಚರಿಕೆ ವಹಿಸಿತ್ತೇ ಎಂಬ ಪ್ರಶ್ನೆ ಬರುತ್ತದೆ. ಎಚ್ಚರ ತಪ್ಪದೆ ನಡೆದುಕೊಂಡ ಬ್ಯಾಂಕಿಗೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆ್ಯಕ್ಟಿನ 131ನೇ ಕಲಮಿನ ರಕ್ಷಣೆ ಇದೆ. ಪರಿಚಯದ ಸಹಿ ಆ ಎಚ್ಚರಿಕೆಯ ಸಾಕ್ಷಿ. ನಿಯಮ ಸರಿಯೇ. ಆದರೆ ರೇತಿ ಹೊರುವ ಆ ಹನ್ನೊಂದು ಹೆಂಗಸರ ಕೈಗೆ ಜೀವಮಾನದಲ್ಲಿ ಒಂದು ಚೆಕ್ಕು ಬರುವುದುಂಟೇ?

ಆ ಶಾಖೆಯಲ್ಲಿ ಮಾವನ ಖಾತೆ ಇತ್ತು, ಹದಿನೈದು ವರ್ಷದ್ದು. ರಾತ್ರಿ ಗಲ್ಲಾ ಎಣಿಸುವಾಗ ವಿಷಯ ತೆಗೆದೆ. ಮಾವ ತುಳುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನನ್ನ ಸಹಿಗೆ ಒಂದು ಬೆಲೆ ಉಂಟು ಮಾರಾಯ. ನಾಳೆ ನಾನು ಸಾಲ ಕೇಳಲಿಕ್ಕೆ ಅದೇ ಬ್ಯಾಂಕಿಗೆ ಹೋಗಬೇಕು. ಎಷ್ಟು ಸಮಯದಿಂದ ಗೊತ್ತು ಅಂತ ಒಂದು ಜಾಗ ಉಂಟಲ್ಲ, ಅಲ್ಲಿ ಎಂಥ ಬರೆಯುವುದು?"

ನನ್ನ ಜೊತೆ ಬಂದಿದ್ದ ಇನ್ನೊಬ್ಬ ವಿದ್ಯಾರ್ಥಿ, ಎಲ್ಲರೂ ಒಂದು ವರ್ಷ ಎಂದು ಬರೆದುಬಿಡುತ್ತಾರೆ, ಯಾರೂ ಕೇಳುವುದಿಲ್ಲ ಅಂದ. ಮಾವ ಅವನನ್ನೊಮ್ಮೆ ನೋಡಿದರು. "ಗೊತ್ತಿಲ್ಲದವರನ್ನು ಗೊತ್ತುಂಟು ಅಂತ ಬರೆದು ಕೊಡುವ ಜನ ನಾನಲ್ಲ. ಬೇಕಾದರೆ ಗೊತ್ತು ಮಾಡಿಕೊಳ್ಳುವ. ಆರು ತಿಂಗಳು ಆಗಲಿ."

ಇದು ತಪ್ಪಿಸಿಕೊಳ್ಳುವ ಉಪಾಯ ಎಂದೇ ತಾಯಿ ಭಾವಿಸಿದರು. ಆದರೆ ಮುಂದಿನ ಭಾನುವಾರ ಮಧ್ಯಾಹ್ನದ ಗಿರಾಕಿ ಮುಗಿದ ಮೇಲೆ ಮಾವ ಬಿಳಿ ಪಂಚೆ ಉಟ್ಟು, ಕೊಡೆ ಹಿಡಿದು ನನ್ನ ಜೊತೆ ಹೊರಟರು. ಕೈಯಲ್ಲಿ ಇಡ್ಲಿಯ ಪೊಟ್ಟಣ ಕಟ್ಟಿಕೊಳ್ಳಲಿಲ್ಲ, ಯಾರಿಗೂ ಒಂದು ಪೈಸೆ ಕೊಡಲಿಲ್ಲ. ಅಫಜಲಪುರದಾಕೆಯ ಗುಡಿಸಲಿನ ಮುಂದೆ ಒಂದು ಕಲ್ಲಿನ ಮೇಲೆ ಕೂತು, ಆಕೆ ಕೊಟ್ಟ ಕಪ್ಪು ಚಹಾ ಕುಡಿದರು. "ನಿಮ್ಮ ಊರಿಗೆ ಯಾವ ಸ್ಟೇಷನ್ನಿನಲ್ಲಿ ಇಳಿಯುವುದು? ಅಲ್ಲಿಂದ ನಡೆಯಬೇಕಾ, ಬಸ್ಸು ಉಂಟಾ? ಹೊಲ ಎಷ್ಟು ಇತ್ತು? ಈಗ ಯಾರು ಮಾಡುವುದು?" ಎಂದು ಕೇಳಿದರು. ಅವಳಿಗೆ ಅವರ ಕನ್ನಡವೂ ಪುಸ್ತಕದ್ದೇ. ಆದರೂ ಯಾಕೋ ನಗಲಿಲ್ಲ. ಮುದುಕ ಗಂಡ ಊರಲ್ಲಿ ಉಳಿದವಳು ಯಾರು, ಮಗಳನ್ನು ಊರಿನಲ್ಲೇ ಅಜ್ಜಿಯ ಹತ್ತಿರ ಬಿಟ್ಟವಳು ಯಾರು, ಯಾರ ಗಂಡ ಕುಡಿಯುತ್ತಾನೆ, ಯಾರ ಗಂಡ ಸುಮ್ಮನೆ ಬಡಿಯುತ್ತಾನೆ, ಎಲ್ಲ ಮಾವನಿಗೆ ತಿಳಿಯಿತು. ಹಿಂದೆ ಬರುವಾಗ ಒಂದು ಡೈರಿಯಲ್ಲಿ ಬರೆದುಕೊಂಡರು. ಹೆಸರು, ಗಂಡನ ಹೆಸರು, ಹಳ್ಳಿ, ತಾಲ್ಲೂಕು, ಇಳಿಯುವ ಸ್ಟೇಷನ್. ಹೋಟೆಲಿನ ಉದ್ರಿ ಲೆಕ್ಕದಷ್ಟೇ ಚೊಕ್ಕವಾಗಿ.

ಹೀಗೆ ಅಕ್ಟೋಬರಿನಿಂದ ಏಪ್ರಿಲಿನವರೆಗೆ, ಊರಿಗೆ ಹೋದ ಎರಡು ಭಾನುವಾರ ಬಿಟ್ಟರೆ, ಮಾವ ತಪ್ಪಿಸಲಿಲ್ಲ. ಒಮ್ಮೆ ನಾನೇ ಕೇಳಿದೆ, ಇಷ್ಟೆಲ್ಲ ಯಾಕೆ ಎಂದು. 1948ರಲ್ಲಿ ಹದಿನಾಲ್ಕು ವರ್ಷದವನಾಗಿ ಲೋಟ ತೊಳೆಯಲು ಬಂದಾಗ, ಮೊದಲ ಸಂಬಳ ಇಡಲು ಜಾಗವಿಲ್ಲದೆ ಹೋಟೆಲಿನ ಧಣಿಯ ಬಳಿ ಕೊಟ್ಟಿದ್ದರಂತೆ. ಧಣಿ ಒಳ್ಳೆಯವರು, ಮುಂದೆ ಬ್ಯಾಂಕಿಗೆ ಕರೆದುಕೊಂಡು ಹೋಗಿ ಖಾತೆ ಮಾಡಿಸಿ ತಾವೇ ಸಹಿ ಹಾಕಿದರಂತೆ. "ಅವರು ನನ್ನನ್ನು ಒಂದೂವರೆ ವರ್ಷ ನೋಡಿಯೇ ಹಾಕಿದ್ದು" ಎಂದರು ಮಾವ. ಅದಕ್ಕಿಂತ ಹೆಚ್ಚು ವಿವರಣೆ ಕೊಡಲಿಲ್ಲ.

ಫೋಟೋ ತೆಗೆಸುವುದು ಇನ್ನೊಂದು ಪ್ರಸಂಗ. 1976ರ ಜನವರಿಯಲ್ಲಿ ಸರ್ಕಾರ ಗುಡಿಸಲು ಎಣಿಸಿ, ಕುಟುಂಬದ ಫೋಟೋ ತೆಗೆದು ಫೋಟೋಪಾಸ್ ಕೊಟ್ಟಿತ್ತು. ಫುಟ್‌ಪಾತಿನ ಇವರಿಗೆ ಅದು ಸಿಕ್ಕಿರಲಿಲ್ಲ. ಆದರೂ ಕ್ಯಾಮರಾ ಎಂದರೆ ಸರ್ಕಾರ, ಸರ್ಕಾರ ಎಂದರೆ ಗಾಡಿ ಎಂಬ ಅಂಜಿಕೆ ಮಾತ್ರ ಉಳಿದಿತ್ತು. "ಫೋಟೋ ಹಿಡಿದ್ರ ಗಾಡಿ ಬರತೈತ್ರಿ" ಎಂದು ಇಬ್ಬರು ಒಲ್ಲೆ ಎಂದರು. ಕೊನೆಗೆ ಅಫಜಲಪುರದಾಕೆ ಮದುವೆಯ ಇಳಕಲ್ ಸೀರೆ ಉಟ್ಟು ಮುಂದೆ ನಡೆದಳು, ಹನ್ನೊಂದು ಜನವೂ ಸ್ಟುಡಿಯೋಗೆ ಬಂದರು. ಸ್ಟುಡಿಯೋದವನು ನಗಿ ಎಂದ. ಯಾರೂ ನಗಲಿಲ್ಲ. ಆ ಫೋಟೋಗಳಲ್ಲಿ ಎಲ್ಲರದೂ ಕೋರ್ಟಿನ ಎದುರು ನಿಂತ ಮುಖ.

1982ರ ಏಪ್ರಿಲಿನಲ್ಲಿ ಒಂದೇ ಬೆಳಿಗ್ಗೆ ಹನ್ನೊಂದು ಖಾತೆ ಆಯಿತು. ವಿಳಾಸದ ಜಾಗದಲ್ಲಿ ಮಾವ ತಮ್ಮ ಹೋಟೆಲಿನ ವಿಳಾಸ ಕೊಟ್ಟು, ಕೆಳಗೆ "ಕೇರ್ ಆಫ್" ಎಂದು ತಮ್ಮ ಹೆಸರು ಬರೆಸಿದರು. ಎಷ್ಟು ಸಮಯದಿಂದ ಬಲ್ಲಿರಿ ಎಂಬಲ್ಲಿ "ಆರು ತಿಂಗಳು". ಹನ್ನೊಂದು ಸಲವೂ ಅದೇ. ಮ್ಯಾನೇಜರರು, "ಒಂದು ವರ್ಷ ಎಂದು ಬರೆದಿದ್ದರೂ ನಡೆಯುತ್ತಿತ್ತು" ಎಂದಾಗ ಮಾವ ಕೇಳಿಸದವರಂತೆ ಮುಂದಿನ ಅರ್ಜಿ ಎಳೆದುಕೊಂಡರು. ಡಬ್ಬಿಯಲ್ಲಿ ಒಟ್ಟು 1,140 ರೂಪಾಯಿ ಇತ್ತು. ಅಫಜಲಪುರದಾಕೆಯದು ಎಲ್ಲರಿಗಿಂತ ಹೆಚ್ಚು, 163.

ಪಾಸ್‌ಬುಕ್ ಕೈಗೆ ಬಂದಾಗ ಆಕೆ ಹೆಸರನ್ನು ನೋಡಲಿಲ್ಲ, ಮೊತ್ತವನ್ನೂ ನೋಡಲಿಲ್ಲ. ಓದು ಬಾರದಲ್ಲ. ಮೇಲೆ ಅಂಟಿಸಿದ ಫೋಟೋ ನೋಡಿ, "ಇದು ನಾನಽ ಏನ್ರಿ?" ಎಂದಳು. ಹಾಲಿನ ಪ್ಲಾಸ್ಟಿಕ್ ಚೀಲದಲ್ಲಿ ಅದನ್ನು ಸುತ್ತಿ ಕುಪ್ಪಸದೊಳಗೆ ಇಟ್ಟುಕೊಂಡಳು.

ಅದೇ ವರ್ಷ ನವೆಂಬರಿನಲ್ಲಿ ಗಾಡಿ ಬಂತು. ಬೆಳಿಗ್ಗೆ ಹನ್ನೊಂದಕ್ಕೆ, ಎಲ್ಲ ಕೆಲಸಕ್ಕೆ ಹೋದ ಹೊತ್ತಿನಲ್ಲಿ. ನಾನು ಸಂಜೆ ಪುಸ್ತಕ ಹಿಡಿದು ಹೋದಾಗ ಗಟಾರ ಕಾಣುತ್ತಿತ್ತು. ಅದರ ಮೇಲೆ ಅಷ್ಟು ಜನ ಇದ್ದರೆಂದರೆ ನಂಬಲಾಗದು. ಪಾತ್ರೆ, ಬಟ್ಟೆ ಟ್ರಕ್ಕಿನಲ್ಲಿ ಹೋಗಿದ್ದವು. ಪಾಸ್‌ಬುಕ್‌ಗಳು ಹೋಗಿರಲಿಲ್ಲ, ಮೈಮೇಲೆ ಇದ್ದವು. ಅಫಜಲಪುರದಾಕೆ ಮಾರನೆಯ ದಿನ ಹೋಟೆಲಿಗೆ ಬಂದು ಗಲ್ಲಾದ ಎದುರು ನಿಂತು ನಲವತ್ತು ರೂಪಾಯಿ ತೆಗೆಯಬೇಕೆಂದಳು. ಬಿದಿರು ಕೊಳ್ಳಲು. ಮಾವ ತಾವೇ ಕೊಡಲು ಹೋದರು. "ನಂದಽ ಐತಲ್ರೀ ಅಪ್ಪಾರ" ಎಂದು ಬ್ಯಾಂಕಿನ ದಿಕ್ಕು ತೋರಿಸಿದಳು. ನಾನು ಜೊತೆಗೆ ಹೋದೆ. ಹೆಬ್ಬೆಟ್ಟು ಒತ್ತಿ, ನೋಟು ಎಣಿಸಿಕೊಂಡು, ಕ್ಯಾಶಿಯರನಿಗೆ ನಮಸ್ಕಾರ ಮಾಡಿದಳು. ಅವನು ತಲೆ ಎತ್ತಲಿಲ್ಲ, ಅವನ ಮುಂದೆ ಸಾಲು ಇತ್ತು.

ಏಳು ಜನ ಹೀಗೆ ಒಬ್ಬೊಬ್ಬರಾಗಿ ಬಂದು ಸಿಕ್ಕರು. ಹೊಸ ಜಾಗದಲ್ಲಿ ಗುಡಿಸಲು ಎದ್ದಿತು, ಹೋಟೆಲಿನ ವಿಳಾಸಕ್ಕೆ ಅವರ ಹೆಸರಿನ ಕಾಗದಗಳೂ ಬರತೊಡಗಿದವು. ನಾಲ್ವರು ಸಿಗಲಿಲ್ಲ. ಯಾವ ಮುಕಾದಮನ ಹಿಂದೆ ಯಾವ ಊರಿಗೆ ಹೋದರೋ.

1983ರಲ್ಲಿ ನನಗೆ ಬ್ಯಾಂಕಿನ ಕೆಲಸ ಸಿಕ್ಕಿ ನಾಗಪುರಕ್ಕೆ ಹೋದೆ. 1985ರ ಜುಲೈ 10ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು: ಬದುಕುವ ಹಕ್ಕಿನಲ್ಲಿ ದುಡಿದು ತಿನ್ನುವ ಹಕ್ಕೂ ಸೇರಿದೆ, ಆದರೂ ನೋಟೀಸು ಕೊಟ್ಟು ಎಬ್ಬಿಸಬಹುದು. ಓದಿದಾಗ, ನೋಟೀಸನ್ನು ಯಾವ ವಿಳಾಸಕ್ಕೆ ಕಳಿಸುತ್ತಾರೆ ಎಂದೇ ನನಗೆ ಮೊದಲು ಹೊಳೆದದ್ದು. ಗುಮಾಸ್ತನ ಬುದ್ಧಿ.

ಸುಮಾರು ನಲವತ್ತು ವರ್ಷ ಕೌಂಟರಿನ ಒಳಗಡೆ ಕೂತು ಅದೇ ಕಾಲಮ್ಮು ಹೇಗೆ ಬದಲಾಯಿತೆಂದು ನೋಡಿದೆ. 2002ರಿಂದ ಕೆವೈಸಿ ಬಂತು, ಪರಿಚಯದ ಸಹಿಗಿಂತ ಕಾಗದ ಪತ್ರ ದೊಡ್ಡದಾಯಿತು. ಕಾಗದವಿಲ್ಲದ ಬಡವರು ಹೊರಗೇ ಉಳಿಯುತ್ತಾರೆಂದು ರಿಸರ್ವ್ ಬ್ಯಾಂಕು 2005ರಲ್ಲಿ ಸಣ್ಣ ಖಾತೆಗಳಿಗೆ ನಿಯಮ ಸಡಿಲಿಸಿತು. ಆರು ತಿಂಗಳ ಹಳೆಯ ಖಾತೆದಾರ ಪರಿಚಯಿಸಿದರೆ ಸಾಕು ಎಂದಿತು. ಆ ಸುತ್ತೋಲೆಯಲ್ಲಿ "ಆರು ತಿಂಗಳು" ಎಂಬುದನ್ನು ಓದಿ ಒಬ್ಬನೇ ನಕ್ಕೆ. ಅದನ್ನು ಹೇಳಲು ಮಾವ ಇರಲಿಲ್ಲ, 2004ರಲ್ಲೇ ತೀರಿಕೊಂಡಿದ್ದರು. ಆಮೇಲೆ ಆಧಾರ್ ಬಂತು, 2014ರ ಆಗಸ್ಟ್ 28ರಂದು ಜನಧನ್ ಬಂತು. ನಮ್ಮ ಶಾಖೆಯ ಶಿಬಿರದಲ್ಲಿ ಕಟ್ಟಡ ಕೆಲಸದವರು ಸಾಲುಗಟ್ಟಿ ಬಂದು ಹತ್ತು ನಿಮಿಷಕ್ಕೊಂದರಂತೆ ಖಾತೆ ಮಾಡಿಸಿದರು. ಒಳ್ಳೆಯ ಕೆಲಸ, ಎರಡು ಮಾತಿಲ್ಲ. ಬೆರಳು ಇಟ್ಟರೆ ಯಂತ್ರವೇ ಗುರುತು ಹೇಳುತ್ತದೆ. ಊರಿಗೆ ಯಾವ ಸ್ಟೇಷನ್ನಿನಲ್ಲಿ ಇಳಿಯುವುದು ಎಂದು ಕೇಳುವವರು ಬೇಕಿಲ್ಲ.

ಅಫಜಲಪುರದಾಕೆ 1987ರಲ್ಲಿ ಊರಿಗೆ ಹೋದಳು. ದುಡ್ಡೆಲ್ಲ ತೆಗೆದು, ಖಾಲಿ ಪಾಸ್‌ಬುಕ್ಕನ್ನು ತಂದು ಮಾವನ ಗಲ್ಲಾದ ಮೇಲೆ ಇಟ್ಟಳಂತೆ. ಸಹಿ ಹಾಕಿದವರಿಗೆ ಹಿಂದಿರುಗಿಸಬೇಕು ಎಂದು ಅವಳ ಲೆಕ್ಕ. ಉಳಿದ ಆರು ಜನವೂ ಕಾಲಕ್ರಮದಲ್ಲಿ ಖಾತೆ ಮುಗಿಸಿದರು ಅಥವಾ ಬೇರೆ ಕಡೆಗೆ ಒಯ್ದರು. ಆ ನಾಲ್ಕು ಖಾತೆಗಳು ಹಾಗೆಯೇ ಬಿದ್ದವು. ನಾನು ರಜೆಯಲ್ಲಿ ಬಂದಾಗಲೆಲ್ಲ ಮಾವ ಕೇಳುತ್ತಿದ್ದರು, "ಆ ನಾಲ್ಕು ಜನರ ದುಡ್ಡು ಎಂಥ ಆಗುತ್ತದೆ?" ಪರಿಚಯಿಸಿದವರಿಗೆ ಅದರ ಜವಾಬ್ದಾರಿ ಇಲ್ಲ ಎಂದು ಎಷ್ಟು ಸಲ ಹೇಳಿದರೂ, "ಸಹಿ ನನ್ನದಲ್ಲವಾ" ಅನ್ನುತ್ತಿದ್ದರು.

ಹತ್ತು ವರ್ಷ ವ್ಯವಹಾರವಿಲ್ಲದ ಖಾತೆಯ ಹಣವನ್ನು 2014ರಿಂದ ಬ್ಯಾಂಕುಗಳು ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಕಳಿಸುತ್ತವೆ. ಹಾಗೆಂದು ಹಕ್ಕು ಹೋಗುವುದಿಲ್ಲ. ಖಾತೆದಾರರೋ ವಾರಸುದಾರರೋ ಯಾವಾಗ ಬಂದು ಕೇಳಿದರೂ ಬ್ಯಾಂಕು ಕೊಡಬೇಕು. ಮಾವನ ಡೈರಿ ಈಗ ನನ್ನ ಬಳಿ ಇದೆ. ಏಳು ಹೆಸರಿಗೆ ಅವರೇ ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದಾರೆ, ನಾಲ್ಕಕ್ಕೆ ಇಲ್ಲ. ನಿವೃತ್ತನಾಗಿ ಡೊಂಬಿವಲಿಯಲ್ಲಿರುವ ನನ್ನ ಮನೆಯ ಎದುರು ಒಂದು ದೊಡ್ಡ ಕಟ್ಟಡ ಏಳುತ್ತಿದೆ. ಕೆಲಸದವರಲ್ಲಿ ಕಲಬುರಗಿ, ಯಾದಗಿರಿ ಕಡೆಯವರಿದ್ದಾರೆ. ಸಂಜೆ ತಿರುಗಾಡಲು ಹೋದಾಗ ಡೈರಿಯಲ್ಲಿ ಬರೆದ ಹಳ್ಳಿಗಳ ಹೆಸರು ಹೇಳಿ ಕೇಳುತ್ತೇನೆ. ಮೂವರು ಆಳಂದ ತಾಲ್ಲೂಕಿನವರು, ಒಬ್ಬಾಕೆ ಜೇವರ್ಗಿಯವಳು.